ಕುದಿಸಿದ ಕಲ್ಲು

ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕಲ್ಲನ್ನು ಹಾಲೇಶಪ್ಪ ಸಾಕುಮೀನಿನ ಅಂಗಡಿಯ ಮೇಜಿನ ಮೇಲಿಟ್ಟು ಗಂಟು ಬಿಚ್ಚಿದ. ಜಾಕೀರ್ ಎರಡು ಹೆಜ್ಜೆ ಹಿಂದೆ ಸರಿದ.

“ಬರಿಗೈಲೆ ಮುಟ್ಟೀರೇನ್ರಿ ಜಮಾದಾರ್ರ?”

“ಯಾಕ? ಮುಟ್ಟಬಾರದಿತ್ತೇನು?”

ಜಾಕೀರ್ ಮೂಲೆಯ ನಲ್ಲಿ ತಿರುವಿ ಸಾಬೂನು ತೋರಿಸಿದ. “ಮೊದಲ ಕೈ ತೊಳಕೋರಿ. ಮೊಣಕೈ ತನಕ. ಆಮ್ಯಾಲ ಏನ್ ಕೇಳೂದೈತಿ ಕೇಳ್ರಿ.”

ಮೂವತ್ತೊಂದು ವರ್ಷ ಪೊಲೀಸ್ ಕೆಲಸ ಮಾಡಿ ಜಮಾದಾರನಾಗಿ ನಿವೃತ್ತನಾದ ಹಾಲೇಶಪ್ಪನಿಗೆ ಒಂದು ಲೆಕ್ಕ ಬಾಯಿಪಾಠವಾಗಿತ್ತು. ತಪ್ಪಿಲ್ಲದವನು ಮುಂದಿಟ್ಟ ಸಾಮಾನು ನೋಡುತ್ತಾನೆ, ತಪ್ಪು ಮಾಡಿದವನು ಕೇಳುವವನ ಮುಖ ನೋಡುತ್ತಾನೆ. ಈ ಜಾಕೀರ್ ನೋಡುತ್ತಿದ್ದುದು ಹಾಲೇಶಪ್ಪನ ಕೈಗಳನ್ನು. ಇದು ಯಾವ ಲೆಕ್ಕಕ್ಕೆ ಸೇರಿತೆಂದು ತಿಳಿಯದೆ ಹಾಲೇಶಪ್ಪ ಹೋಗಿ ಕೈ ತೊಳೆದ.

ಬ್ಯಾಡಗಿಯ ಫೋಟೋ ಸ್ಟುಡಿಯೋದ ಸಿದ್ದೇಶ, ಹಾಲೇಶಪ್ಪನ ನಲವತ್ತು ವರ್ಷದ ಗೆಳೆಯ, ಎದೆ ಕಟ್ಟಿ ಆಸ್ಪತ್ರೆ ಸೇರಿ ಮರುದಿನ ಸತ್ತು ಇವತ್ತಿಗೆ ಹನ್ನೆರಡು ದಿನ. ಊರೆಲ್ಲ ಮೆಣಸಿನಕಾಯಿ ಘಾಟು ಎಂದಿತ್ತು. ಘಾಟಲ್ಲ, ಯಾವುದೋ ವಿಷದ ಉಗಿ ಎಂದು ಹಾವೇರಿಯ ಡಾಕ್ಟರು ಹೇಳಿದ್ದು ಮೊನ್ನೆ. ಸ್ಟುಡಿಯೋದ ಡಾರ್ಕ್‌ರೂಮಿನ ಪಾತ್ರೆಯಲ್ಲಿ ಕುದ್ದು ಬಿಳಿಚಿಕೊಂಡಿದ್ದ ಈ ಕಲ್ಲು ಸಿಕ್ಕಿದ್ದೂ ಮೊನ್ನೆಯೇ. ನಿನ್ನೆ ಸಿದ್ದೇಶನ ಮಗಳು ದೀಪಿಕಾ ದೂರು ಕೊಟ್ಟಿದ್ದಳು: ರಾಣೆಬೆನ್ನೂರಿನ ಮೀನಿನಂಗಡಿಯ ಜಾಕೀರ್ ವಿಷದ ಕಲ್ಲು ಮಾರಿ ನಮ್ಮಪ್ಪನನ್ನು ಕೊಂದಿದ್ದಾನೆ. ನಾಳೆ ಮುಂಜಾನೆ ಅವನು ಠಾಣೆಗೆ ಹಾಜರಾಗಬೇಕಿತ್ತು. ಹೋದವನು ಸಂಜೆ ಮನೆಗೆ ಬರುವ ಖಾತ್ರಿ ಯಾರಿಗೂ ಇರಲಿಲ್ಲ.

“ಕಲ್ಲಿನ್ಯಾಗ ವಿಷ ಐತಿ ಅಂತ ನಿನಗ ಗೊತ್ತಿತ್ತು,” ಎಂದ ಹಾಲೇಶಪ್ಪ.

“ಗೊತ್ತಿತ್ರಿ.”

“ಗೊತ್ತಿದ್ದೂ ಮಾರೀದಿ.”

“ನೀರಾಗ ಇರೂ ತನಕ ಅದು ಯಾರಿಗೂ ಏನೂ ಮಾಡೂದಿಲ್ರಿ. ಇಲ್ಲಿ ಬರ್ರಿ, ತೋರಸ್ತೇನಿ.”

ಒಳಗಿನ ಗಾಜಿನ ತೊಟ್ಟಿಯೊಂದರ ಮುಂದೆ ಅವನನ್ನು ನಿಲ್ಲಿಸಿ ಜಾಕೀರ್ ಬೆರಳು ಮಾಡಿದ. ಸಮುದ್ರದ ಕಲ್ಲಿನ ಸಂದಿಯಲ್ಲಿ ಕಂದು ಬಣ್ಣದ, ಬೆರಳುಗುರಿನಷ್ಟು ಗಾತ್ರದ ಒಂದು ಜೀವ ಕೂತಿತ್ತು. ಸಣ್ಣ ದೇಟು, ತಲೆಯ ತುಂಬ ಕೂದಲಿನಂಥ ಎಳೆಗಳು. ನೀರು ಅಲುಗಿದಾಗ ಅದೂ ಅಲುಗುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಐಪ್ಟೇಸಿಯಾ ಎಂದು ಹೆಸರು. ಸಿದ್ದೇಶ ಮಾತ್ರ ಕಳೆಹೂವು ಎನ್ನುತ್ತಿದ್ದ.

ಸಿದ್ದೇಶನ ಕಥೆಯೇ ವಿಚಿತ್ರ. ಸಮುದ್ರ ಎತ್ತ, ಬ್ಯಾಡಗಿ ಎತ್ತ! ಎಲ್ಲರ ಕೈಗೂ ಫೋನು ಬಂದು ಸ್ಟುಡಿಯೋಕ್ಕೆ ಬರುವವರು ಕಡಿಮೆಯಾದಾಗ, ಮದುಮಕ್ಕಳನ್ನು ಕೂಡಿಸಿ ಫೋಟೋ ತೆಗೆಯುತ್ತಿದ್ದ ಜಾಗದಲ್ಲಿ ಆರಡಿ ಉದ್ದದ ಉಪ್ಪುನೀರಿನ ತೊಟ್ಟಿ ಇಟ್ಟ. ಹವಳ ಬೆಳೆಸಿದ. ಶಾಲೆಯ ಮಕ್ಕಳು ಸಾಲುಗಟ್ಟಿ ಬಂದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಆ ಚಂದದ ನಡುವೆ, ಯಾವ ಕಲ್ಲಿನ ಬೆನ್ನೇರಿ ಬಂತೋ, ಈ ಕಳೆ ಹುಟ್ಟಿತು. ಸುತ್ತಲಿನ ಹವಳವನ್ನು ಕುಟುಕಿ ಸುಡತೊಡಗಿತು.

“ಇದನ್ನ ಚಿವುಟಬಾರದ್ರಿ. ಗರಿಕಿ ಇದ್ದಂಗ, ತುಣುಕು ಉಳಿದ್ರ ಸಾಕು, ಮತ್ತ ಹುಟ್ಟತೈತಿ. ಸಿದ್ದೇಶಣ್ಣ ಮೊದಲ ಚಿಮಟಿಗಿಲೆ ಕಿತ್ತ್ರಿ. ಒಂದಿದ್ದದ್ದು ಇಪ್ಪತ್ತಾತು. ಆಮ್ಯಾಲ ನಾ ಸಿರಿಂಜ ಕೊಟ್ಟೆ. ಸುಣ್ಣ ಗಂಜಿ ಹಂಗ ಕಲಸಿ ಅದರ ಬಾಯಾಗ ಮೆಲ್ಲಕ ಬಿಡಬೇಕು. ದಿನಕ್ಕ ನಾಕೈದು, ಹೆಚ್ಚಾದ್ರ ಟಾಕಿ ನೀರೆಲ್ಲಾ ಕೆಡತೈತಿ. ಅದನ್ನ ತಿನ್ನೂ ಸಿಗಡಿನೂ ಕೊಟ್ಟೆ. ಒಂದು ವರ್ಷ ತಾಳ್ರಿ, ಹದಕ್ಕ ಬರತೈತಿ ಅಂದಿದ್ದೆ.”

“ತಾಳಲಿಲ್ಲ.”

“ತಾಳಲಿಲ್ರಿ. ಕಳೆ ಹೆಚ್ಚಿದ್ದು ಈ ಕಲ್ಲಿನ ಮ್ಯಾಲ. ಕಳೆ ನಡುವ ಗುಂಡಿಹೂವನೂ ಇದ್ದವು, ಅಂಗಿ ಗುಂಡಿ ಹಂಗ, ಹಸರು ಬಣ್ಣದವು. ವಿಷ ಇರೂದು ಅದರಾಗ. ಕುದಿಸಿದ್ರ ಉಗಿಗೂಡ ಮ್ಯಾಲ ಬರತೈತಿ. ಬಯಲಾಗಾದ್ರ ಒಂದ ಮಾತು. ಮುಚ್ಚಿದ ಖೋಲ್ಯಾಗ ಆ ಉಗಿ ಕುಡದ್ರ...”

ಮುಚ್ಚಿದ ಖೋಲಿ ಎಂಬ ಮಾತು ಕೇಳಿದ್ದೇ ಹಾಲೇಶಪ್ಪ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟ.

ಯಾರಿಗೂ ಹೇಳದ ಮಾತೊಂದು ಹದಿಮೂರು ದಿನದಿಂದ ಅವನ ಹೊಟ್ಟೆಯಲ್ಲಿತ್ತು.

ಆ ಗುರುವಾರ ಮುಂಜಾನೆ ಹತ್ತರ ಹೊತ್ತಿಗೆ ಹಾಲೇಶಪ್ಪ ಹಾವೇರಿ ಕೋರ್ಟಿನ ಎದುರು ಚಹಾ ಕುಡಿಯುತ್ತಿದ್ದ. ಸಿದ್ದೇಶನ ಫೋನು ಬಂತು. ಹಾಲೇಶಪ್ಪನ ಎಡಗಿವಿ ಮಂದ, ಬಲಗಿವಿಯೂ ಅಷ್ಟಕ್ಕಷ್ಟೇ. ಅವನು ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕಿ, ರೊಟ್ಟಿ ಹಿಡಿದಂತೆ ಎದುರಿಗೆ ಹಿಡಿದು ಮಾತಾಡುವವನು.

“ಹಾಲೇಶಾ, ಎದಿ ಹಿಡದಂಗ ಆಗೇತೋ. ಕೆಮ್ಮು ನಿಲ್ಲವಲ್ಲದು. ಬಾಯೆಲ್ಲಾ ಕಹಿ, ತಗಡ ನೆಕ್ಕಿದಂಗ.”

“ಎಲ್ಲಿದ್ದೀ?”

“ಡಾರ್ಕ್‌ರೂಮಿನ್ಯಾಗ. ಒಲಿ ಮ್ಯಾಲ ಒಂದೀಟ ಕೆಲಸ ಐತಿ.”

“ಕಿಟಕಿ ತಗದೀಯೇನು?”

“ತಗದೇನಿ.”

“ಮತ್ತ! ಯಾರ್ಡಿನ ಗಾಳಿ ಹೊಡ್ಯಾಕತ್ತೈತಿ. ಬ್ಯಾಡಗ್ಯಾಗ ಹುಟ್ಟಿ ಘಾಟಿಗೆ ಅಂಜತೀಯಲ್ಲೋ ಮಾರಾಯಾ! ಕಿಟಕಿ ಹಾಕ್ಕೊಂಡು, ಬಾಯಾಗ ಬೆಲ್ಲ ಇಟ್ಕೊಂಡು ಸುಮ್ಮನ ಕುಂದರು.”

ಸುಗ್ಗಿಯಲ್ಲಿ ಬ್ಯಾಡಗಿಯವರು ಮಾಡುವುದೇ ಅದು. ಮಾರುಕಟ್ಟೆಯ ಯಾರ್ಡಿನಲ್ಲಿ ಮೆಣಸಿನಕಾಯಿ ಚೀಲ ಸುರುವಿದ ದಿನ ಗಾಳಿ ಊರ ಕಡೆ ತಿರುಗಿದರೆ ಓಣಿಗೆ ಓಣಿಯೇ ಕಿಟಕಿ ಹಾಕಿಕೊಳ್ಳುತ್ತದೆ. ಸಿದ್ದೇಶ ನಕ್ಕಿದ್ದ. ಆಮೇಲೆ ಕಿಟಕಿಯ ಚಿಲಕ ಬಿದ್ದ ಸದ್ದು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿಸಿತ್ತು. ಆ ಸದ್ದು ಹಾಲೇಶಪ್ಪನ ಕಿವಿಯಿಂದ ಹೋಗಿರಲಿಲ್ಲ. ಮಂದಗಿವಿಯವನಿಗೆ ದೇವರು ಕೇಳಿಸಬಾರದ್ದನ್ನೇ ಆರಿಸಿ ಕೇಳಿಸುತ್ತಾನೇನೋ. ಗೋಡೆಯಾಚೆಯ ದರ್ಜಿಯೂ ಕೆಮ್ಮು ಕೇಳಿದ್ದ. ಆದರೆ ಆ ತಿಂಗಳು ಬ್ಯಾಡಗಿಯಲ್ಲಿ ಕೆಮ್ಮದವರು ಯಾರು? ಅವನೂ ತನ್ನ ಕಿಟಕಿ ಹಾಕಿಕೊಂಡು ಹೊಲಿಗೆ ಮುಂದುವರಿಸಿದ್ದ.

“ನೀರು ಕುಡೀರಿ,” ಎಂದು ಜಾಕೀರ್ ತಂಬಿಗೆ ಹಿಡಿದು ನಿಂತಿದ್ದ.

ಹಾಲೇಶಪ್ಪ ಕುಡಿದ. ತಂಬಿಗೆ ಕೆಳಗಿಟ್ಟು ಮತ್ತೆ ಜಮಾದಾರನಾದ. “ಇಷ್ಟೆಲ್ಲಾ ಗೊತ್ತಿದ್ದವ ಅವಂಗ ಒಂದ ಮಾತು ಹೇಳಬಾರದಿತ್ತೇನು?”

“ಹೇಳೇನಿ. ಬರದೂ ಕೊಟ್ಟೇನಿ! ಈ ಕಲ್ಲ ಕೊಟ್ಟ ದಿನಾನ ಒಂದ ಹಾಳಿ ತುಂಬ ಬರದಿದ್ದೆ. ಬರಿಗೈಲೆ ಮುಟ್ಟಬ್ಯಾಡ್ರಿ, ಎಂದೂ ಕುದಿಸಬ್ಯಾಡ್ರಿ, ಉಗಿ ವಿಷ. ಕುದಿಸಬ್ಯಾಡ್ರಿ ಅನ್ನೂದಕ್ಕ ಕೆಂಪ ಪೆನ್ನಿಲೆ ಗೆರಿ ಎಳದಿದ್ದೆ.”

“ಸುಳ್ಳ ಹೇಳಬ್ಯಾಡ. ಸಿದ್ದೇಶಗ ಬಂದ ಚೀಟಿ ಎಲ್ಲಾ ಗ್ವಾಡಿಗೆ ಅಂಟಸೂ ಚಟ ಇತ್ತು. ಉಪ್ಪ ಎಷ್ಟ ಹಾಕಬೇಕು, ಮೀನಿಗೆ ಏನ್ ತಿನಸಬೇಕು, ಎಲ್ಲಾ ಅಲ್ಲೈತಿ. ನಿನ್ನ ಹಾಳಿ ಇಲ್ಲ. ಎರಡ ಸಲ ಹುಡುಕೇನಿ.”

ಜಾಕೀರ್ ತಲೆ ತಗ್ಗಿಸಿದ. ಹೇಳಬೇಕೋ ಬೇಡವೋ ಎಂದು ಅನುಮಾನಿಸಿದ.

“ಕಲ್ಲು, ಲೈಟು, ಹಾಳಿ, ಮೂರೂ ನಿಮ್ಮ ಯುವರಾಜನ ಕೈಯಾಗ ಕೊಟ್ಟಿದ್ದೆರಿ. ಟಾಕಿ ಲೈಟ್ ಕೂಡಸೂ ಕೆಲಸಾ ಅವಂದ ಆಗಿತ್ತಲ್ಲ. ಹಾಳಿ ಇಲ್ಲೇ ನಿಂತು ಓದಿದ. ‘ಅಬ್ಬಾ, ಇಷ್ಟ ವಿಷಾನ’ ಅಂದ.”

ಹಾಲೇಶಪ್ಪನ ಮುಖ ಸಣ್ಣದಾಯಿತು. ಯುವರಾಜ ಅವನ ಒಬ್ಬನೇ ಮಗ, ಹಾವೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಮದುವೆಗೆ ಹೋಗಿ, ಕೊಡಬೇಕಾದ ಉಡುಗೊರೆಯನ್ನು ಹಾಗೇ ಚೀಲದಲ್ಲಿ ತಿರುಗಿ ತಂದ ಪುಣ್ಯಾತ್ಮ. ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡು ಮರೆತಿರಬೇಕು. ಅಪ್ಪ ಕಿಟಕಿ ಹಾಕಿಸಿದ, ಮಗ ಚೀಟಿ ಮರೆತ. ಒಂದೇ ಮನೆಯಿಂದ ಎರಡು ತಪ್ಪು, ಎಂದುಕೊಂಡ ಹಾಲೇಶಪ್ಪ.

“ಇದನ್ನ ಪೊಲೀಸರಿಗೆ ಯಾಕ ಹೇಳಲಿಲ್ಲ?”

“ನಿಮ್ಮ ಮಗ ಅಂತ ಬಿಟ್ಟೆ. ಅದಕ್ಕಿಂತ ದೊಡ್ಡದು ಇನ್ನೊಂದೈತ್ರಿ.” ಜಾಕೀರ್ ದನಿ ತಗ್ಗಿಸಿದ. “ಸಾಯೂಕಿಂತ ಹಿಂದಿನ ಬುಧವಾರ ಮಧ್ಯಾಹ್ನ ಸಿದ್ದೇಶಣ್ಣ ಇಲ್ಲಿಗೆ ಬಂದಿದ್ದ. ಫೋನ್ ತೋರಸಿದ. ‘ನೋಡೋ, ನನ್ನ ಮಗಳು ಓದಿ ತಿಳಕೊಂಡು ಕಳಿಸ್ಯಾಳ’ ಅಂತ ಹಿಗ್ಗಿ ಹಿಗ್ಗಿ ತೋರಸಿದ. ಕಲ್ಲು ಕುದಿಸು, ಕಳೆ ಬೇರಸಮೇತ ಹೋಗತೈತಿ ಅಂತ ಮೆಸೇಜ್. ದೀಪಾನ ಹೆಸರಿಲೆ.”

“ದೀಪಾ?”

“ಹೌದ್ರಿ. ಅಂಗಡ್ಯಾಗ ನಾಕ ಮಂದಿ ಗಿರಾಕಿ ಇದ್ರು. ‘ಕುದಿಸಬ್ಯಾಡಣ್ಣ, ಬರದ ಕೊಟ್ಟೇನಲ್ಲ’ ಅಂದು ಅವರ ಕಡೆ ತಿರುಗಿದೆ. ಹಾಳಿ ಮುಟ್ಟೈತಿ, ಓದ್ಯಾನ ಅಂತ ನನ್ನ ತಿಳುವಳಿಕಿ. ನಾ ಹೇಳಿದ್ದು ಅವಂಗ ಕೇಳಸ್ತೋ ಇಲ್ಲೋ. ಇನ್ನೊಂದ ನಿಮಿಷ ನಿಂತು ಹೇಳಿದ್ರ ಬದುಕತಿದ್ದನಲ್ರಿ ಮನಶಾ!”

ಅವನ ಕಣ್ಣು ತುಂಬಿತು. ಹಾಲೇಶಪ್ಪನಿಗೆ ಅವನ ಮೇಲಿದ್ದ ಸಂಶಯವೆಲ್ಲ ಅಲ್ಲೇ ಕರಗಿಹೋಯಿತು. ಅದೇ ಉರಿ ತನ್ನ ಎದೆಯಲ್ಲೂ ಇತ್ತಲ್ಲ.

“ನಾಳೆ ನಾ ಹೋಗತೇನ್ರಿ. ಮಾರಿದ್ದು ನಾನ, ತಪ್ಪೂ ನಂದ ಅಂತೇನಿ. ನನ್ನ ಮಗಳು ಸಿಮ್ರಾನಗೂ ದೀಪಾನಷ್ಟ ವಯಸ್ಸು. ತಾ ಬರದ ಮಾತಿಗೆ ತಂದಿ ಸತ್ತ ಅಂತ ಗೊತ್ತಾದ್ರ ಆ ಹುಡುಗಿ ಉಳೀತಾಳೇನ್ರಿ? ಸಿದ್ದೇಶಣ್ಣನ ಫೋನ್ ನಿಮ್ಮ ಕಡೇನ ಐತಿ ಅಂತ ಕೇಳೇನಿ. ಆ ಮೆಸೇಜ್ ಅಳಿಸಿಬಿಡ್ರಿ.”

ಫೋನು ನಿಜವಾಗಿಯೂ ಹಾಲೇಶಪ್ಪನ ಚೀಲದಲ್ಲಿತ್ತು. ಅಪ್ಪನ ಫೋನು ತೆರೆದು ನೋಡುವ ಧೈರ್ಯ ಇಲ್ಲವೆಂದು ದೀಪಿಕಾ ಅದನ್ನು ಅವನ ಕೈಗೆ ಕೊಟ್ಟಿದ್ದಳು.

ಬ್ಯಾಡಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಫೋನು ಹಚ್ಚಿದ. ಮೆಸೇಜು ಅಲ್ಲೇ ಇತ್ತು. ಬುಧವಾರ, ಮಧ್ಯಾಹ್ನ ಹನ್ನೆರಡು ನಲವತ್ತು. ‘ಅಪ್ಪಾ, ಕಳೆ ಇರೋ ಆ ಕಲ್ಲನ್ನ ತೆಗೆದು ಅರ್ಧ ತಾಸು ಚೆನ್ನಾಗಿ ಕುದಿಸು. ಬೇರುಸಮೇತ ಹೋಗತ್ತೆ. ಓದಿ ನೋಡೇ ಹೇಳ್ತಿದೀನಿ.’ ಅದರ ಕೆಳಗೆ ಸಿದ್ದೇಶನ ಉತ್ತರ: ‘ಆತು ಮಗಳ. ನಾಳೆ ಮುಂಜಾನೆ.’

ಅಳಿಸಲು ಎರಡು ಸಲ ಒತ್ತಿದರೆ ಸಾಕು. ಹಾಲೇಶಪ್ಪ ಒಂದು ಸಲ ಒತ್ತಿದ. ‘ಅಳಿಸಬೇಕೇ’ ಎಂದು ಫೋನು ಕೇಳಿತು. ಕಂಡಕ್ಟರ್ ಬಂದು ಟಿಕೆಟ್ ಎಂದ. ದುಡ್ಡು ಕೊಟ್ಟು ಟಿಕೆಟ್ ಪಡೆಯುವಷ್ಟರಲ್ಲಿ ಫೋನಿನ ಬೆಳಕು ಆರಿತ್ತು. ಮತ್ತೆ ಹಚ್ಚುವ ಮನಸ್ಸಾಗಲಿಲ್ಲ. ಒಬ್ಬ ಬಡಪಾಯಿ ಜೈಲಿಗೆ ಹೋಗಬೇಕು, ಇಲ್ಲವೇ ಒಂದು ಮಗು ಜೀವನವಿಡೀ ಸುಡಬೇಕು. ಇಂಥ ನ್ಯಾಯ ತೂಗುವ ಕೆಲಸ ಅವನಿಗೆ ಇಲಾಖೆಯಲ್ಲಿ ಯಾರೂ ಕಲಿಸಿರಲಿಲ್ಲ.

ಸ್ಟುಡಿಯೋದಲ್ಲಿ ದೀಪಿಕಾ ತೊಟ್ಟಿಯ ಮುಂದೆ ಮೊಣಕಾಲೂರಿ ಕೂತಿದ್ದಳು. ಗುತ್ತಲದ ಶಾಲೆಯಲ್ಲಿ ಟೀಚರ್ ಆಗಿರುವ ಹುಡುಗಿ, ಅಲ್ಲೇ ಖೋಲಿ ಹಿಡಿದಿದ್ದಳು. ಈಗ ರಜೆ ಹಾಕಿ ಬಂದು ಅಪ್ಪನ ಕೆಲಸ ಮುಂದುವರಿಸಿದ್ದಳು. ಮೊಣಕೈ ತನಕ ಗ್ಲೌಸು, ಕೈಯಲ್ಲಿ ಸುಣ್ಣದ ಸಿರಿಂಜು. ಒಂದು ಕಳೆಹೂವಿನ ಬಾಯಿಗೆ ಸೂಜಿ ತಾಗದಂತೆ ತಂದು ಮೆಲ್ಲಗೆ ಒತ್ತಿದಳು. ಬಿಳಿಯ ಗಂಜಿ ಇಳಿಯಿತು, ಹೂವು ಮುದುಡಿಕೊಂಡಿತು.

“ಇವತ್ತಿಗೆ ಐದಾತ್ರಿ ಕಾಕಾ. ಇನ್ನ ಸಾಕು. ಅಪ್ಪನೂ ಐದರ ಮ್ಯಾಲ ಮಾಡತಿರಲಿಲ್ಲ.”

ಅವಳ ಬೆನ್ನು ನೋಡುತ್ತಲೇ ಹಾಲೇಶಪ್ಪ ಮಾತು ಶುರುಮಾಡಿದ. ಮುಖ ನೋಡಿಕೊಂಡು ಹೇಳಲು ಅವನಿಂದ ಆಗುತ್ತಿರಲಿಲ್ಲ.

“ದೀಪಾ, ಅವತ್ತ ನಿಮ್ಮಪ್ಪ ನನಗ ಫೋನ್ ಮಾಡಿದ್ದ. ಎದಿ ಹಿಡದೈತಿ ಅಂದ. ಕಿಟಕಿ ಹಾಕ್ಕೋ ಅಂದವ ನಾನ. ನಾ ಅನ್ನದಿದ್ರ ತಗದ ಇರತಿತ್ತು ಕಿಟಕಿ.”

ಸಿರಿಂಜು ಹಿಡಿದ ಕೈ ನಿಂತಿತು. ಅವಳು ಸಿರಿಂಜನ್ನು ತೊಟ್ಟಿಯ ಅಂಚಿನ ಮೇಲಿಟ್ಟಳು.

“ನೀವು ಅನ್ನದಿದ್ರೂ ಹಾಕ್ಕೊತಿದ್ದ ಕಾಕಾ. ಈ ಊರಾಗ ಎಲ್ಲಾರೂ ಹಾಕ್ಕೊತಾರ,” ಎಂದಳು. ಬೈದಿದ್ದರೆ ಹಾಲೇಶಪ್ಪನಿಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

“ಜಾಕೀರಂದು ತಪ್ಪಿಲ್ಲವ್ವಾ. ದೂರು ವಾಪಸ್ ತಗೋ.”

“ಹಂಗಾದ್ರ ಕುದಿಸು ಅಂತ ಯಾರ ಹೇಳಿದ್ರು? ತಾನಾಗಿ ಕುದಿಸೂ ಮನುಷ್ಯಾ ಅಲ್ಲ ನಮ್ಮಪ್ಪ.”

“ಯಾವುದೋ ವಿಡಿಯೋ ನೋಡಿದ್ನಂತ...”

“ಸುಳ್ಳು ಹೇಳಾಕತ್ತೀರಿ. ಚೀಲ ಯಾಕ ಹಂಗ ಅವಚಿ ಹಿಡದೀರಿ?” ಅವಳು ಗ್ಲೌಸು ತೆಗೆದು, ಕೈ ತೊಳೆದು ಬಂದು ಎದುರಿಗೆ ನಿಂತಳು. “ಅಪ್ಪನ ಫೋನ್ ಕೊಡ್ರಿ.”

ಕಳ್ಳರ ಬಾಯಿ ಬಿಡಿಸಿದ ಜಮಾದಾರನಿಗೆ ಆ ಹುಡುಗಿಯ ಚಾಚಿದ ಕೈಯ ಮುಂದೆ ಏನೂ ನಡೆಯಲಿಲ್ಲ. ಫೋನು ಕೊಟ್ಟುಬಿಟ್ಟ. ಕೊಟ್ಟು, ಅವಳು ಕುಸಿದರೆ ಹಿಡಿಯಬೇಕೆಂದು ಹತ್ತಿರ ಬಂದು ನಿಂತ.

ದೀಪಿಕಾ ಓದಿದಳು. ಇನ್ನೊಮ್ಮೆ ಓದಿದಳು. ಕುಸಿಯಲಿಲ್ಲ. ಹುಬ್ಬು ಗಂಟಿಕ್ಕಿಕೊಂಡು, ಮೊನ್ನೆ ಮೊನ್ನೆ ಹೊಸ ಗಾಜು ಹಾಕಿಸಿದ್ದ ತನ್ನ ಫೋನು ತೆಗೆದು, ಎರಡನ್ನೂ ಪಕ್ಕ ಪಕ್ಕ ಹಿಡಿದಳು.

“ಇದು ನಾ ಬರದದ್ದಲ್ಲ.”

“ದೀಪಾ...”

“ನೋಡ್ರಿ ಇಲ್ಲಿ. ಅಪ್ಪನ ಫೋನಿನ್ಯಾಗ ಐತಿ, ನನ್ನದರಾಗ ಇಲ್ಲ. ಅಪ್ಪನ ಉತ್ತರಾನೂ ಇಲ್ಲ. ನನ್ನ ಫೋನಿನಿಂದ ಕಳಿಸಿ, ಯಾರೋ ಇದರಾಗಿಂದ ಅಳಿಸ್ಯಾರ. ಅಪ್ಪಗ ನಾ ಎಂದಾದ್ರೂ ‘ಹೋಗತ್ತೆ’ ‘ಹೇಳ್ತಿದೀನಿ’ ಅಂತ ಬೆಂಗಳೂರಿನವರ ಗತೆ ಬರದೇನೇನ್ರಿ?” ಅವಳು ತಟ್ಟನೆ ತಲೆ ಎತ್ತಿದಳು. “ಕಾಕಾ, ಬುಧವಾರ ನನ್ನ ಫೋನ್ ನನ್ನ ಕಡೆ ಎಲ್ಲಿತ್ತು? ಸೋಮವಾರ ನೀವು ಗುತ್ತಲ ಸಂತಿಗೆ ಬಂದಾಗ ನಿಮ್ಮ ಕೈಯಾಗ ಕೊಟ್ಟಿದ್ದೆ. ಗಾಜ ಒಡದೈತಿ, ಅಪ್ಪಗ ಹೇಳಬ್ಯಾಡ್ರಿ, ಬೈತಾನ ಅಂತ. ಲಾಕಿನ ನಂಬರ್ ಬರದ ಚೀಟಿನೂ ಕೊಟ್ಟಿದ್ದೆ. ನೀವು ತಿರುಗಿ ಕೊಟ್ಟದ್ದು ಗುರುವಾರ ಸಂಜಿಕ, ಆಸ್ಪತ್ರ್ಯಾಗ.”

ಹಾಲೇಶಪ್ಪ ಚೀಲವನ್ನು ಕೆಳಗಿಟ್ಟ.

“ಹಾವೇರಿ ಬಸ್ ಸ್ಟ್ಯಾಂಡಿನ ಹತ್ರ ಯಾವುದೋ ಅಂಗಡ್ಯಾಗ ಹಾಕಸೇನಿ ಅಂದಿದ್ರಿ. ಯಾವ ಅಂಗಡಿ? ನಡ್ರಿ, ಈಗ ಹೋಗೋಣು.”

ಬಸ್ ಸ್ಟ್ಯಾಂಡಿನ ಅಂಗಡಿ ಎಂದದ್ದು ಸುಳ್ಳು. ಹೋದ ವರ್ಷ ಹಾಲೇಶಪ್ಪ ಯುವರಾಜನಿಗೆ ದೀಪಿಕಾಳನ್ನು ಹೆಣ್ಣು ಕೇಳಿದ್ದ. ಮಗಳಿಗೆ ಮನಸ್ಸಿಲ್ಲವೆಂದು ಸಿದ್ದೇಶ ನೇರವಾಗಿ ಹೇಳಿಬಿಟ್ಟಿದ್ದ. ಗೆಳೆಯರಿಬ್ಬರೂ ಅದನ್ನು ಅಲ್ಲೇ ಮರೆತರು. ಯುವರಾಜ ಮೂರು ದಿನ ಊಟ ಬಿಟ್ಟ, ಆಮೇಲೆ ಮೊದಲಿನಂತೆಯೇ ಇದ್ದ, ಸಿದ್ದೇಶನ ತೊಟ್ಟಿಗೆ ಲೈಟೂ ಕೂಡಿಸಿಕೊಟ್ಟ. ರಿಪೇರಿಗೆಂದು ಫೋನು ಯುವರಾಜನ ಕೈಗೇ ಹೋಗಿದೆಯೆಂದರೆ ಹುಡುಗಿಗೆ ಮುಜುಗರವಾದೀತೆಂದು ಹಾಲೇಶಪ್ಪ ಹೇಳಿದ ಸಣ್ಣ ಸುಳ್ಳು ಅದು. ಎರಡು ಸಲ ಕೇಳಿದರೂ ಯುವರಾಜ ಗಾಜು ಸಿಕ್ಕಿಲ್ಲವೆಂದು ತಡಮಾಡಿದ್ದ. ಜಾಕೀರನ ಹಾಳೆಯನ್ನು ಅವನು ಅಂಗಡಿಯಲ್ಲೇ ನಿಂತು ಓದಿದ್ದ.

“ಕಾಕಾ? ಯಾವ ಅಂಗಡಿ ಅದು?”

ಹಾಲೇಶಪ್ಪನ ಕಿಸೆಯಲ್ಲಿ ಫೋನು ರಿಂಗಾಯಿತು. ಅಭ್ಯಾಸಬಲದಿಂದ ತೆಗೆದು, ಒತ್ತಿ, ರೊಟ್ಟಿಯಂತೆ ಎದುರಿಗೆ ಹಿಡಿದ. ಹೆಸರು ನೋಡಿದ್ದು ಆಮೇಲೆ.

“ಅಪ್ಪಾ,” ಎಂದಿತು ಯುವರಾಜನ ದನಿ, ಇಡೀ ಸ್ಟುಡಿಯೋಕ್ಕೆ ಕೇಳುವಂತೆ. “ಸಿದ್ದೇಶ ಕಾಕಾನ ಫೋನ್ ನಿಮ್ಮ ಕಡೆ ಐತಂತಲ್ಲ? ಅದನ್ನ ಯಾರಿಗೂ ಕೊಡಬ್ಯಾಡ್ರಿ, ನಾ ಬಂದು ಒಯ್ತೇನಿ. ಸ್ಟುಡಿಯೋದಾಗ ಅದೀರಲ್ಲ? ಬ್ಯಾಡಗಿಗೆ ಬಂದೇನಿ, ಐದ ನಿಮಿಷ. ಹೊರಗ ಘಾಟ ಭಾಳ ಐತಿ ನೋಡ್ರಿ, ನಾ ಬರೂ ತನಕ ಕಿಟಕಿ ಹಾಕ್ಕೊಂಡು ಕುಂದರ್ರಿ.”

ದೀಪಿಕಾ ಎರಡೂ ಫೋನುಗಳನ್ನು ಎದೆಗೆ ಅವಚಿಕೊಂಡು, ಹಾಲೇಶಪ್ಪನನ್ನೇ ನೋಡುತ್ತ, ಬಾಗಿಲಿನತ್ತ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದಳು.